ಒಂದು ವಹಿ, ಹಲವು ಲೇಖನಿಗಳು

ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ವಾರ್ಷಿಕ ಪರೀಕ್ಷೆಯ ಅಂಕಗಳನ್ನು ಬರೆದಿಡಲು ದಪ್ಪ ರಟ್ಟಿನ ಒಂದೇ ಅಂಕವಹಿ ಇದ್ದಿತು. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಎಲ್ಲ ವಿಭಾಗಗಳ, ಎಲ್ಲ ವಿಷಯಗಳ ಅಂಕಗಳೂ ಅದರಲ್ಲಿಯೇ ಸೇರಬೇಕು. ಒಂದು ವರ್ಷ ಏಪ್ರಿಲ್ ತಿಂಗಳಲ್ಲಿ, ಮರುದಿನವೇ ಫಲಿತಾಂಶ ಪ್ರಕಟವಾಗಬೇಕೆಂದಾಗ, ನಾಲ್ವರು ಮಾಡುತ್ತಿದ್ದ ಆ ಕೆಲಸಕ್ಕೆ ಮುಖ್ಯೋಪಾಧ್ಯಾಯರು ಹನ್ನೆರಡು ಮಂದಿಯನ್ನು ನೇಮಿಸಿದರು. ಕೈಗಳು ಮೂರು ಪಟ್ಟಾದರೆ ಕೆಲಸವೂ ಮೂರು ಪಟ್ಟು ಬೇಗ ಮುಗಿಯಬೇಕೆಂಬುದು ಅವರ ಎಣಿಕೆ. ಉತ್ತರಪತ್ರಿಕೆಗಳ ಅಂಕಗಳನ್ನು ಕೂಡಿಸುವ ಕೆಲಸವೇನೋ ಬೇಗನೆ ಮುಗಿಯಿತು. ಆಮೇಲೆ ಹನ್ನೆರಡು ಮಂದಿಯೂ ಕೈಯಲ್ಲಿ ಪಟ್ಟಿ ಹಿಡಿದು ಒಂದು ಮೇಜಿನ ಸುತ್ತ ನಿಂತೆವು. ವಹಿಯಲ್ಲಿ ಬರೆಯುತ್ತಿದ್ದವರು ಒಬ್ಬರು. ಕಾಯುತ್ತಿದ್ದವರು ಹನ್ನೊಂದು ಮಂದಿ.

ಕತ್ತಲಾಗುತ್ತ ಬಂದಂತೆ ನಮ್ಮ ತಾಳ್ಮೆಯೂ ಕೆಟ್ಟಿತು. ವರ್ಷದ ನಡುವೆ ಬೇರೆ ಊರಿನಿಂದ ಬಂದು ಸೇರಿದ್ದ ಒಬ್ಬ ವಿದ್ಯಾರ್ಥಿನಿಯ ಅಂಕಗಳನ್ನು ವಹಿಯ ಪುಟಕ್ಕೆ ಅಂಟಿಸಿದ ಒಂದು ಚೀಟಿಯಲ್ಲಿ ಬರೆದಿದ್ದರು. ನಾನು ಆ ಚೀಟಿಯನ್ನು ನಕಲು ಮಾಡಿಕೊಂಡು ಪಕ್ಕದ ಕೊಠಡಿಗೆ ಹೋಗಿ, ಕನ್ನಡದ ಅಂಕವನ್ನು ಸೇರಿಸಿ ಹೊಸ ಚೀಟಿಯನ್ನು ಸಿದ್ಧಪಡಿಸಿದೆ. ನನಗೆ ತಿಳಿಯದಂತೆ ಗಣಿತದ ಉಪಾಧ್ಯಾಯರೂ ಅದೇ ಹಳೆಯ ಚೀಟಿಯನ್ನು ನಕಲು ಮಾಡಿಕೊಂಡು ಗಣಿತದ ಅಂಕವನ್ನು ಸೇರಿಸಿದ್ದರು. ಅವರು ತಮ್ಮ ಚೀಟಿಯನ್ನು ಅಂಟಿಸಿ ಮನೆಗೆ ಹೋದರು. ಸ್ವಲ್ಪ ಹೊತ್ತಿನ ಬಳಿಕ ನಾನು ನನ್ನದನ್ನು ಅದರ ಮೇಲೆಯೇ ಅಂಟಿಸಿದೆ. ಮರುದಿನ ಸೂಚನಾ ಫಲಕದಲ್ಲಿ ಆ ಹುಡುಗಿ ಗಣಿತ ಪರೀಕ್ಷೆಗೆ ಗೈರುಹಾಜರಾಗಿ ಅನುತ್ತೀರ್ಣಳಾದಳೆಂದು ಕಂಡಿತು. ಆಕೆ ಅಳುತ್ತ ಮನೆಗೆ ಹೋದಳು; ತಪ್ಪು ಎಲ್ಲಿಯದೆಂದು ಪತ್ತೆಯಾಗಲು ನಮಗೆ ಎರಡು ದಿನ ಬೇಕಾಯಿತು. ನಾನಾಗಲಿ ಗಣಿತದವರಾಗಲಿ ತಪ್ಪು ಅಂಕವನ್ನು ಬರೆದಿರಲಿಲ್ಲ. ಇಬ್ಬರೂ ಸರಿಯಾದುದನ್ನೇ ಬರೆದಿದ್ದೆವು. ಫಲ ಮಾತ್ರ ತಪ್ಪಾಯಿತು.

ಗಣಕಯಂತ್ರವನ್ನು ಕುರಿತ ಪಾಠದಲ್ಲಿ ಈ ಹಳೆಯ ಕಥೆಯೇಕೆ ಎಂದು ನೀವು ಕೇಳಬಹುದು. ನಿವೃತ್ತನಾದ ಮೇಲೆ ಗಣಕಯಂತ್ರದ ವಿಚಾರವಾಗಿ ಓದತೊಡಗಿದಾಗ, ಆ ಸಂಜೆ ನಮ್ಮ ಮೇಜಿನ ಸುತ್ತ ನಡೆದುದೇ ಆ ಯಂತ್ರದೊಳಗೆ ಕ್ಷಣಕ್ಷಣವೂ ನಡೆಯಬಹುದಾದ ಪ್ರಸಂಗವೆಂದು ನನಗೆ ತಿಳಿಯಿತು. ಅದನ್ನು ತಡೆಯುವುದು ಹೇಗೆ, ತಡೆದೂ ಕೆಲಸ ನಿಧಾನವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಗಣಕಯಂತ್ರದಲ್ಲಿ ಲೆಕ್ಕ ಮಾಡುವ, ಆದೇಶಗಳನ್ನು ಒಂದೊಂದಾಗಿ ನಡೆಸುವ ಅಂಗಕ್ಕೆ ಪ್ರೊಸೆಸರ್ ಅಥವಾ ಸಂಸ್ಕಾರಕ ಎಂದು ಹೆಸರು. ಅದು ಬಳಸುವ ಅಂಕಿ ಅಕ್ಷರಗಳು ಇರುವ ಸ್ಥಳ ಸ್ಮೃತಿ. ಪತ್ರ ಬರೆಯಲು ಒಂದು, ಹಾಡು ಕೇಳಲು ಒಂದು, ಹಣ ಕಳುಹಿಸಲು ಒಂದು ಎಂಬಂತೆ ಹಲವು ಕಾರ್ಯಕ್ರಮಗಳು ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಇವೆಲ್ಲವೂ ಸ್ಮೃತಿಗಾಗಿ, ಕಡತಗಳಿಗಾಗಿ, ಸಂಸ್ಕಾರಕದ ಸಮಯಕ್ಕಾಗಿ ತಮ್ಮತಮ್ಮೊಳಗೆ ಕಿತ್ತಾಡದಂತೆ ಹಂಚಿಕೊಡುವ ಯಜಮಾನನೊಬ್ಬ ಬೇಕು. ಅದೇ ಕಾರ್ಯಾಚರಣ ವ್ಯವಸ್ಥೆ. ಅದರ ಒಳಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ಬಾದಾಮಿಯ ಚಿಪ್ಪನ್ನು ಒಡೆದಾಗ ಸಿಕ್ಕುವ ತಿರುಳಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಹೆಸರಿಗೆ ತಕ್ಕಂತೆ ಅದು ಹೊರಗೆ ಕಾಣಿಸಿಕೊಳ್ಳುವುದಿಲ್ಲ. ನೀವು ಮೊಬೈಲಿನಲ್ಲಿ ಚಿತ್ರವೊಂದನ್ನು ತೆರೆದರೆ, ಆ ಕಾರ್ಯಕ್ರಮವು ಕರ್ನೆಲ್ಲನ್ನು ಬೇಡಿಯೇ ಕಡತವನ್ನು ಪಡೆಯಬೇಕು. ಯಾವ ಕಡತ ಯಾರ ಕೈಯಲ್ಲಿದೆ, ಸ್ಮೃತಿಯ ಯಾವ ಭಾಗ ಖಾಲಿ ಇದೆ, ಮುಂದಿನ ಸರದಿ ಯಾರದು ಎಂಬ ಪಟ್ಟಿಗಳೆಲ್ಲ ಕರ್ನೆಲ್ಲಿನ ವಶದಲ್ಲಿವೆ. ನಮ್ಮ ಶಾಲೆಯ ಅಂಕವಹಿಯಂತೆ ಇವು ಎಲ್ಲರಿಗೂ ಬೇಕಾದ ವಹಿಗಳು.

ಒಂದೇ ಯಂತ್ರಕ್ಕೆ ಹಲವು ಸಂಸ್ಕಾರಕಗಳನ್ನು ಜೋಡಿಸುವ ಯೋಚನೆ ೧೯೬೦ರ ದಶಕದಷ್ಟು ಹಳೆಯದು. ಆದರೆ ಬಹುಕಾಲ ಅದು ದೊಡ್ಡ ಸಂಸ್ಥೆಗಳ ದೊಡ್ಡ ಯಂತ್ರಗಳಿಗಷ್ಟೇ ಸೇರಿದ ಮಾತಾಗಿತ್ತು. ಒಂಟಿ ಸಂಸ್ಕಾರಕವೇ ವರ್ಷದಿಂದ ವರ್ಷಕ್ಕೆ ವೇಗವಾಗುತ್ತಿದ್ದಾಗ ಸಾಮಾನ್ಯರಿಗೆ ಎರಡನೆಯದರ ಅಗತ್ಯ ಬೀಳಲಿಲ್ಲ. ೨೦೦೪ರ ಹೊತ್ತಿಗೆ ಈ ಓಟ ನಿಂತಿತು. ಸಂಸ್ಕಾರಕದ ಮಿಡಿತ ಸೆಕೆಂಡಿಗೆ ೩೦೦ ಕೋಟಿಯನ್ನು ದಾಟಿತ್ತು. ಅದನ್ನು ಇನ್ನೂ ಏರಿಸಲು ಹೋದರೆ ಚಿಪ್ಪು ತಾಳಲಾರದಷ್ಟು ಬಿಸಿಯಾಗುತ್ತಿತ್ತು. ಆಗ ತಯಾರಕರು ಒಂದೇ ಚಿಪ್ಪಿನ ಮೇಲೆ ಎರಡು, ನಾಲ್ಕು, ಎಂಟು ಸಂಸ್ಕಾರಕಗಳನ್ನು ಇಡತೊಡಗಿದರು. ಇಂದು ಸಾಧಾರಣ ಮೊಬೈಲಿನಲ್ಲಿಯೂ ಎಂಟು ಇರುವುದುಂಟು. ದೊಡ್ಡ ಯಂತ್ರಗಳಿಗಾಗಿ ಮಾಡಿದ ಚಿಪ್ಪುಗಳಲ್ಲಿ ನೂರಕ್ಕೂ ಮಿಕ್ಕಿ ಇವೆ. ಹೀಗೆ ಹನ್ನೆರಡು ಮಂದಿಯನ್ನು ಒಂದು ಮೇಜಿಗೆ ಕಳುಹಿಸಿದಂತಾಯಿತು. ಇನ್ನು ವಹಿಯ ಮಾತು.

ತೆರೆದಿರುವ ಕಡತಗಳ ಸಂಖ್ಯೆಯನ್ನು ಕರ್ನೆಲ್ ಸ್ಮೃತಿಯ ಒಂದು ಕಡೆ ಬರೆದಿಟ್ಟಿದೆ ಎಂದುಕೊಳ್ಳಿ. ಆ ಸಂಖ್ಯೆ ೪೧. ಹೊಸ ಕಡತವನ್ನು ತೆರೆದಾಗ ಅದಕ್ಕೆ ಒಂದನ್ನು ಕೂಡಿಸಬೇಕು. ನಮಗೆ ಇದು ಒಂದೇ ಕೆಲಸವೆಂದು ತೋರುತ್ತದೆ. ಯಂತ್ರಕ್ಕೆ ಮೂರು ಕೆಲಸ. ಸಂಖ್ಯೆಯನ್ನು ಓದಬೇಕು, ಒಂದನ್ನು ಕೂಡಬೇಕು, ತಿರುಗಿ ಬರೆಯಬೇಕು. ಎರಡು ಸಂಸ್ಕಾರಕಗಳು ಒಂದೇ ಗಳಿಗೆಯಲ್ಲಿ ೪೧ ಎಂದು ಓದಿದವು. ಎರಡೂ ೪೨ ಎಂದು ಲೆಕ್ಕ ಹಾಕಿದವು. ಎರಡೂ ೪೨ ಎಂದೇ ಬರೆದವು. ಇರಬೇಕಾದುದು ೪೩. ನನ್ನ ಚೀಟಿ ಗಣಿತದವರ ಚೀಟಿಯನ್ನು ಮುಚ್ಚಿದಂತೆ ಒಂದರ ಬರಹ ಇನ್ನೊಂದರದನ್ನು ಮುಚ್ಚಿಹಾಕಿತು. ಇಂತಹ ದೋಷ ದಿನವೂ ಕಾಣಿಸಿಕೊಳ್ಳುವುದಿಲ್ಲವೆಂಬುದೇ ಅದರ ಕೆಡುಕು. ಸಾವಿರ ಸಲ ಪರೀಕ್ಷಿಸಿದರೂ ಎಲ್ಲವೂ ಸರಿಯಾಗಿರುತ್ತದೆ. ಇಬ್ಬರೂ ಒಂದೇ ಗಳಿಗೆಯಲ್ಲಿ ಬಂದ ಆ ಒಂದು ಸಲ ಮಾತ್ರ ಕೆಡುತ್ತದೆ.

೨೦೦೩ನೆಯ ಆಗಸ್ಟ್ ೧೪ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿಯೂ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ತು ಇಲ್ಲದಾಯಿತು. ಓಹಿಯೊ ಸಂಸ್ಥಾನದಲ್ಲಿ ವಿದ್ಯುತ್ ತಂತಿಗಳು ಮರಗಳಿಗೆ ತಗುಲಿ ಒಂದೊಂದಾಗಿ ಕೆಲಸ ನಿಲ್ಲಿಸುತ್ತಿದ್ದರೂ ನಿಯಂತ್ರಣ ಕೊಠಡಿಯ ಎಚ್ಚರಿಕೆಯ ವ್ಯವಸ್ಥೆ ಸದ್ದಿಲ್ಲದೆ ಕುಳಿತಿತ್ತು. ಅಲ್ಲಿದ್ದವರಿಗೆ ಒಂದು ಗಂಟೆಗೂ ಹೆಚ್ಚು ಕಾಲ ಏನೂ ತಿಳಿಯಲಿಲ್ಲ. ಆಮೇಲೆ ವಾರಗಟ್ಟಲೆ ಶೋಧಿಸಿದಾಗ, ಆ ವ್ಯವಸ್ಥೆಯ ಎರಡು ಕೆಲಸಗಳು ಒಂದೇ ದಾಖಲೆಯ ಮೇಲೆ ಒಂದೇ ಸಮಯಕ್ಕೆ ಬರೆಯಲು ಎಡೆಯಿತ್ತೆಂದು ಗೊತ್ತಾಯಿತು. ಆ ಕತ್ತಲೆಗೆ ಬೇರೆ ಕಾರಣಗಳೂ ಇದ್ದವು. ಈ ದೋಷವು ಕರ್ನೆಲ್ಲಿನದೂ ಅಲ್ಲ. ಆದರೆ ಅದರ ಜಾತಿ ಇದೇ.

ಇದಕ್ಕೆ ಪರಿಹಾರವೆಂದರೆ ಬೀಗ. ವಹಿಯನ್ನು ಮುಟ್ಟುವ ಮೊದಲು ಬೀಗವನ್ನು ವಶಮಾಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಅಷ್ಟರಲ್ಲಿ ಬಂದವರು ಹೊರಗೆ ಕಾಯಬೇಕು. ಒಂದು ಸಮಯಕ್ಕೆ ಒಬ್ಬರೇ ಎಂಬ ಈ ನಿಯಮವನ್ನು ಗಣಿತದ ಬಿಗಿಯಿಂದ ವಿಚಾರಮಾಡಿದವರಲ್ಲಿ ನೆದರ್ಲೆಂಡ್ಸ್ ದೇಶದ ಎಡ್ಸ್ಗರ್ ಡೈಕ್‌ಸ್ಟ್ರ ಮೊದಲಿಗರು. ೧೯೬೫ರಲ್ಲಿ ಅವರು ಈ ವಿಷಯವಾಗಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ತಾವು ರೂಪಿಸಿದ ಒಂದು ಬಗೆಯ ಬೀಗಕ್ಕೆ ಅವರು ರೈಲ್ವೆಯ ಕೈಮರದ ಹೆಸರನ್ನೇ ಇಟ್ಟರು. ಒಂಟಿ ಹಳಿಯ ಮೇಲೆ ಒಂದು ಗಾಡಿ ಇರುವಾಗ ಇನ್ನೊಂದು ಬರದಂತೆ ಕೈಮರ ತಡೆಯುತ್ತದಲ್ಲವೆ? ಹೋಲಿಕೆ ಸೊಗಸಾಗಿದೆ.

ಬೀಗ ಸಿಕ್ಕಿತು, ಸರಿ. ಅದನ್ನು ಎಲ್ಲಿ ಹಾಕಬೇಕು? ಎಲ್ಲಕ್ಕಿಂತ ಸುಲಭವಾದ ಉತ್ತರ, ಕರ್ನೆಲ್ಲಿನ ಹೆಬ್ಬಾಗಿಲಿಗೇ ಹಾಕಿಬಿಡುವುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ೧೯೮೦ರ ದಶಕದ ಆರಂಭದಲ್ಲಿ ಎರಡು ಸಂಸ್ಕಾರಕಗಳ ವ್ಯಾಕ್ಸ್ ಯಂತ್ರವೊಂದನ್ನು ಕಟ್ಟಿದಾಗ ಇದಕ್ಕಿಂತಲೂ ಸರಳವಾದ ಏರ್ಪಾಟನ್ನು ಮಾಡಿಕೊಂಡರು. ಕರ್ನೆಲ್ಲಿನ ಕೆಲಸವನ್ನೆಲ್ಲ ಮೊದಲನೆಯ ಸಂಸ್ಕಾರಕವೇ ಮಾಡಬೇಕು. ಎರಡನೆಯದು ಜನರ ಕಾರ್ಯಕ್ರಮಗಳನ್ನಷ್ಟೇ ನಡೆಸಬೇಕು. ನಡುವೆ ಕರ್ನೆಲ್ಲಿನ ಸಹಾಯ ಬೇಕಾದರೆ ಆ ಕಾರ್ಯಕ್ರಮ ಮೊದಲನೆಯದರ ಬಳಿಗೆ ಹೋಗಬೇಕು. ಬರಿಯ ಲೆಕ್ಕದಲ್ಲಿ ಮುಳುಗಿರುವ ಕಾರ್ಯಕ್ರಮಗಳಿಗೆ ಇದರಿಂದ ಒಳ್ಳೆಯ ಲಾಭವಾಯಿತು. ಮಾತುಮಾತಿಗೂ ಕರ್ನೆಲ್ಲನ್ನು ಕರೆಯುವವುಗಳಿಗೆ ಅಷ್ಟಾಗಿ ಆಗುವಂತಿರಲಿಲ್ಲ.

ಲಿನಕ್ಸ್ ಎಂಬ ಕರ್ನೆಲ್ಲಿನ ಚರಿತ್ರೆ ಇದಕ್ಕಿಂತ ಸ್ವಾರಸ್ಯವಾಗಿದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಅದನ್ನು ತಮ್ಮ ಒಂಟಿ ಸಂಸ್ಕಾರಕದ ಯಂತ್ರಕ್ಕಾಗಿ ಬರೆಯತೊಡಗಿದರು. ಇಂದು ಆಂಡ್ರಾಯ್ಡ್ ಮೊಬೈಲುಗಳೆಲ್ಲ ಅದರ ಮೇಲೆಯೇ ನಿಂತಿವೆ. ಹಲವು ಸಂಸ್ಕಾರಕಗಳ ಯಂತ್ರದಲ್ಲಿ ಅದು ನಡೆಯುವಂತಾದದ್ದು ೧೯೯೬ರ ಜೂನ್ ತಿಂಗಳಲ್ಲಿ ಬಂದ ೨.೦ ಎಂಬ ಆವೃತ್ತಿಯಲ್ಲಿ. ಆಗ ಮಾಡಿದ ಉಪಾಯವೂ ಇದೇ: ಇಡೀ ಕರ್ನೆಲ್ಲಿಗೆ ಒಂದು ದೊಡ್ಡ ಬೀಗ. ಎಷ್ಟೇ ಸಂಸ್ಕಾರಕಗಳಿರಲಿ, ಒಳಗೆ ಒಂದೇ. ಇದನ್ನು ದಡ್ಡತನವೆಂದು ನಗಬಾರದು. ಒಬ್ಬರೇ ಬರೆಯುವ ವಹಿ ನಿಧಾನವಾಗಿ ತುಂಬಬಹುದು, ಆದರೆ ಅದರಲ್ಲಿ ಯಾವ ಹುಡುಗಿಯ ಅಂಕವೂ ಕಳೆದುಹೋಗುವುದಿಲ್ಲ. ಎರಡು ಸಂಸ್ಕಾರಕಗಳ ಕಾಲಕ್ಕೆ ಆ ಬೀಗ ತಕ್ಕದ್ದೇ ಆಗಿತ್ತು. ಎಂಟು, ಹದಿನಾರು ಬಂದಾಗ ಬಾಗಿಲಲ್ಲಿ ಸಾಲು ಬೆಳೆಯಿತು.

ಸಾಲು ಎಷ್ಟು ಹಾನಿಮಾಡಬಲ್ಲದೆಂಬುದಕ್ಕೆ ಒಂದು ಲೆಕ್ಕವುಂಟು. ಜೀನ್ ಆಮ್ಡಾಲ್ ಎಂಬ ಅಮೆರಿಕದ ತಜ್ಞರು ೧೯೬೭ರಲ್ಲಿ ಮುಂದಿಟ್ಟ ವಾದದಿಂದ ಅದು ಬಂದಿದೆ. ನಿಮ್ಮ ಅಂಕಗಣಿತವೇ ಅದಕ್ಕೆ ಸಾಕು. ಒಬ್ಬನಿಗೆ ೧೦೦ ನಿಮಿಷ ಹಿಡಿಯುವ ಕೆಲಸದಲ್ಲಿ ೯೦ ನಿಮಿಷದ ಪಾಲನ್ನು ಹಂಚಿಕೊಳ್ಳಬಹುದು, ೧೦ ನಿಮಿಷದ ಪಾಲನ್ನು ಒಬ್ಬೊಬ್ಬರಾಗಿಯೇ ಮಾಡಬೇಕು ಎಂದುಕೊಳ್ಳೋಣ. ಹತ್ತು ಮಂದಿ ಕೂಡಿದರೆ ಹಂಚಿದ ಪಾಲು ೯ ನಿಮಿಷಕ್ಕೆ ಇಳಿಯುತ್ತದೆ, ಹಂಚಲಾಗದ ೧೦ ಹಾಗೆಯೇ ಉಳಿಯುತ್ತದೆ, ಒಟ್ಟು ೧೯. ಹತ್ತು ಪಟ್ಟು ಕೈಗಳಿಗೆ ಐದು ಪಟ್ಟಿಗಿಂತ ತುಸು ಹೆಚ್ಚು ವೇಗ ದೊರೆಯಿತು. ನೂರು ಮಂದಿಯಾದರೆ ಸುಮಾರು ೧೧ ನಿಮಿಷ. ಸಾವಿರ ಮಂದಿಯನ್ನು ಕರೆತಂದರೂ ೧೦ ನಿಮಿಷದ ಕೆಳಗೆ ಇಳಿಯುವಂತಿಲ್ಲ. ಆದುದರಿಂದ ವೇಗವಾದ ಕರ್ನೆಲ್ಲನ್ನು ರೂಪಿಸುವವರು ಕೈಗಳನ್ನು ಎಣಿಸುವುದಿಲ್ಲ; ಎಲ್ಲರೂ ಮುಟ್ಟಲೇಬೇಕಾದ ಆ ಹತ್ತು ನಿಮಿಷವನ್ನು ಒಂದಕ್ಕೆ, ಅರ್ಧಕ್ಕೆ ಇಳಿಸುವುದು ಹೇಗೆಂದು ನೋಡುತ್ತಾರೆ.

ಮೊದಲ ದಾರಿ, ವಹಿಯನ್ನು ಬಿಚ್ಚುವುದು. ಮರುವರ್ಷ ನಮ್ಮ ಮುಖ್ಯೋಪಾಧ್ಯಾಯರು ಮಾಡಿದ್ದೂ ಅದನ್ನೇ. ದಪ್ಪ ವಹಿಯ ಬದಲು ವಿಭಾಗಕ್ಕೊಂದು ತೆಳ್ಳನೆಯ ಪುಸ್ತಕವನ್ನು ಹೊಲಿಸಿದರು. ಕರ್ನೆಲ್ಲಿನಲ್ಲಿಯೂ ಕಡತಗಳ ಪಟ್ಟಿಗೆ ಒಂದು ಬೀಗ, ಖಾಲಿ ಸ್ಮೃತಿಯ ಪಟ್ಟಿಗೆ ಒಂದು, ಸರದಿಯ ಪಟ್ಟಿಗೆ ಒಂದು ಎಂದು ಒಡೆಯುತ್ತ ಹೋಗುತ್ತಾರೆ. ಹೇಳಲು ಸುಲಭ. ಲಿನಕ್ಸಿನ ಆ ದೊಡ್ಡ ಬೀಗವನ್ನು ಪೂರ್ತಿಯಾಗಿ ಕಿತ್ತುಹಾಕಲು ೨೦೧೧ರವರೆಗೆ, ಎಂದರೆ ಹದಿನೈದು ವರ್ಷ, ಬೇಕಾಯಿತು. ಆ ಬೀಗದ ಆಶ್ರಯದಲ್ಲಿ ಬರೆದ ಸಾವಿರಾರು ಸಾಲುಗಳಲ್ಲಿ ಯಾವುದು ಯಾವುದರ ರಕ್ಷಣೆಯನ್ನು ನಂಬಿಕೊಂಡಿದೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಹಳೆಯ ಮನೆಯ ಗೋಡೆಯನ್ನು ಕೆಡವುವವನು ಅದರ ಮೇಲೆ ಯಾವ ತೊಲೆ ಕುಳಿತಿದೆಯೆಂದು ಮೊದಲು ನೋಡಬೇಕಾಗುತ್ತದೆ. ಅವರ ಪಾಡೂ ಹಾಗೆಯೇ ಆಯಿತು.

ಬೀಗಗಳು ಹೆಚ್ಚಿದರೆ ಹೊಸ ತೊಡಕು ಹುಟ್ಟುತ್ತದೆ. ಒಂದು ಸಂಸ್ಕಾರಕ ಕಡತದ ಬೀಗವನ್ನು ಹಿಡಿದು ಸ್ಮೃತಿಯ ಬೀಗಕ್ಕಾಗಿ ಕಾಯುತ್ತಿದೆ. ಇನ್ನೊಂದು ಸ್ಮೃತಿಯ ಬೀಗವನ್ನು ಹಿಡಿದು ಕಡತದ ಬೀಗಕ್ಕಾಗಿ ಕಾಯುತ್ತಿದೆ. ಕೆರೆಯ ಏರಿಯ ಮೇಲೆ ಎದುರುಬದುರಾದ ಎರಡು ಬಂಡಿಗಳಂತೆ ಎರಡೂ ಅಲ್ಲಿಯೇ ನಿಲ್ಲುತ್ತವೆ. ಯಂತ್ರ ಸ್ತಬ್ಧವಾಗುತ್ತದೆ. ಬೀಗಗಳಿಗೆಲ್ಲ ಒಂದು ಕ್ರಮವನ್ನು ಗೊತ್ತುಮಾಡಿ, ಎಲ್ಲರೂ ಅದೇ ಕ್ರಮದಲ್ಲಿ ಹಿಡಿಯಬೇಕೆಂದು ನಿಯಮಿಸಿದರೆ ಈ ಅಪಾಯವಿಲ್ಲ. ಸಾವಿರಾರು ಜನ ಸೇರಿ ಬರೆಯುವ ಕರ್ನೆಲ್ಲಿನಲ್ಲಿ ಈ ಕ್ರಮ ತಪ್ಪದೆ ನಡೆಯುತ್ತಿದೆಯೆ ಎಂದು ಕಾವಲು ಕಾಯುವ ಒಂದು ಸಾಧನವನ್ನು ೨೦೦೬ರಲ್ಲಿ ಲಿನಕ್ಸಿನೊಳಗೇ ಸೇರಿಸಲಾಯಿತು.

ಇನ್ನು ಬೀಗಕ್ಕಾಗಿ ಕಾಯುವ ರೀತಿ. ಒಳಗಿರುವವನು ಕ್ಷಣದಲ್ಲಿ ಹೊರಬರುವನೆಂದು ತಿಳಿದಿದ್ದರೆ ಬಾಗಿಲಲ್ಲಿಯೇ ನಿಂತು ‘ಆಯಿತೆ, ಆಯಿತೆ’ ಎಂದು ನೋಡುತ್ತಿರುವುದು ಮೇಲು. ತಡವಾಗುವುದಾದರೆ ಬೇರೆ ಕೆಲಸಕ್ಕೆ ಹೋಗಿ ಕರೆದಾಗ ಬರುವುದು ಮೇಲು. ನಿಂತು ನೋಡುವವರಲ್ಲಿ ನುಗ್ಗಾಟವಾಗಿ, ಮೊದಲು ಬಂದವನು ಹಿಂದೆಯೇ ಉಳಿಯುವುದೂ ಉಂಟು. ಇದನ್ನು ತಪ್ಪಿಸಲು ೨೦೦೮ರಲ್ಲಿ ಲಿನಕ್ಸ್ ಆಸ್ಪತ್ರೆಗಳಲ್ಲಿರುವಂತೆ ಚೀಟಿಯ ಪದ್ಧತಿಯನ್ನು ತಂದಿತು: ಬಂದವನು ಸಂಖ್ಯೆಯ ಚೀಟಿಯನ್ನು ಪಡೆದು ತನ್ನ ಸಂಖ್ಯೆ ಬರುವವರೆಗೆ ಕಾಯಬೇಕು.

ನ್ಯಾಯ ದೊರೆಯಿತು, ವೇಗ ದೊರೆಯಲಿಲ್ಲ. ಏಕೆಂದು ತಿಳಿಯಲು ದೂರದ ವಿಚಾರವನ್ನು ಸ್ವಲ್ಪ ನೋಡಬೇಕು. ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಬೆರಗನ್ನು ಉಂಟುಮಾಡಿದ ಭಾಗ ಇದು. ಸೆಕೆಂಡಿಗೆ ೩೦೦ ಕೋಟಿ ಸಲ ಮಿಡಿಯುವ ಸಂಸ್ಕಾರಕದ ಎರಡು ಮಿಡಿತಗಳ ನಡುವೆ ಬೆಳಕು ಕೂಡ ೧೦ ಸೆಂಟಿಮೀಟರ್ ಮಾತ್ರ ಸಾಗಬಲ್ಲದು! ತಂತಿಯಲ್ಲಿನ ಸಂಕೇತ ಅದಕ್ಕಿಂತಲೂ ನಿಧಾನ. ಹಾಗಾಗಿ ಅಂಗೈಯಗಲದಾಚೆ ಇರುವ ಸ್ಮೃತಿ ಸಂಸ್ಕಾರಕಕ್ಕೆ ಬಹು ದೂರದ ಊರು. ಅಲ್ಲಿಂದ ಒಂದು ಸಂಖ್ಯೆಯನ್ನು ತರಿಸುವಷ್ಟರಲ್ಲಿ ನೂರಾರು ಮಿಡಿತಗಳು ವ್ಯರ್ಥವಾಗುತ್ತವೆ. ಅಡುಗೆ ಮಾಡುವವರು ಹಿಡಿ ಅಕ್ಕಿಗಾಗಿ ಪ್ರತಿಸಲವೂ ಉಗ್ರಾಣದ ಮೂಟೆಯನ್ನು ಬಿಚ್ಚದೆ ಒಲೆಯ ಪಕ್ಕದಲ್ಲಿ ಡಬ್ಬಿಯೊಂದನ್ನು ಇಟ್ಟುಕೊಳ್ಳುವಂತೆ, ಪ್ರತಿ ಸಂಸ್ಕಾರಕವೂ ತನ್ನ ಮಗ್ಗುಲಲ್ಲಿ ಪುಟ್ಟ ಸ್ಮೃತಿಯೊಂದನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ಕ್ಯಾಶ್ ಎಂದು ಹೆಸರು. ತನ್ನ ಡಬ್ಬಿಯಲ್ಲಿರುವುದು ಕೆಲವೇ ಮಿಡಿತಗಳಲ್ಲಿ ಕೈಗೆ ಸಿಗುತ್ತದೆ. ಆದರೆ ಒಂದೇ ಸಂಖ್ಯೆಯ ನಕಲು ಹಲವು ಡಬ್ಬಿಗಳಲ್ಲಿ ಇದ್ದು, ಒಬ್ಬರು ಅದನ್ನು ತಿದ್ದಿದರೆ ಉಳಿದವರ ನಕಲುಗಳೆಲ್ಲ ಆ ಕ್ಷಣವೇ ರದ್ದಾಗಬೇಕು. ಅವರು ಮತ್ತೆ ಹೊಸದನ್ನು ತರಿಸಿಕೊಳ್ಳಬೇಕು.

ಇಂತಿರಲು ಇಪ್ಪತ್ತು ಸಂಸ್ಕಾರಕಗಳು ಒಂದೇ ಬೀಗವನ್ನು ನೋಡುತ್ತ ನಿಂತರೆ ಏನಾಗುತ್ತದೆ? ಬೀಗ ಕೈಬದಲಾದಾಗಲೆಲ್ಲ ಇಪ್ಪತ್ತೂ ನಕಲುಗಳು ರದ್ದು, ಇಪ್ಪತ್ತೂ ಕಡೆಯಿಂದ ಹೊಸ ಬೇಡಿಕೆ. ಇಡೀ ಶಾಲೆಗೆ ಒಂದೇ ಸೂಚನಾ ಪುಸ್ತಕವಿದ್ದು, ಜವಾನನು ಅದನ್ನು ಹೊತ್ತುಕೊಂಡು ಕೊಠಡಿಯಿಂದ ಕೊಠಡಿಗೆ ದಿನವಿಡೀ ಓಡುತ್ತಿದ್ದಂತೆ. ಜಾನ್ ಮೆಲರ್ ಕ್ರಮಿ ಮತ್ತು ಮೈಕೇಲ್ ಸ್ಕಾಟ್ ಎಂಬ ಇಬ್ಬರು ೧೯೯೧ರಲ್ಲಿಯೇ ಇದಕ್ಕೊಂದು ಜಾಣ ಉಪಾಯವನ್ನು ಹೇಳಿದ್ದರು. ಕಾಯುವವರೆಲ್ಲ ಬಾಗಿಲನ್ನು ನೋಡಬಾರದು. ಪ್ರತಿಯೊಬ್ಬನೂ ಸಾಲಿನಲ್ಲಿ ತನ್ನ ಹಲಗೆಯನ್ನು ತಾನೇ ನೋಡುತ್ತ ನಿಲ್ಲಬೇಕು. ಮುಂದಿನವನು ಕೆಲಸ ಮುಗಿಸಿದಾಗ ಹಿಂದಿನವನ ಹಲಗೆಯ ಮೇಲೆ ಗುರುತು ಹಾಕಿ ಹೋಗಬೇಕು. ಆಗ ಒಂದು ಸಲಕ್ಕೆ ಒಬ್ಬನಿಗೆ ಮಾತ್ರ ಸುದ್ದಿ ಹೋಗುತ್ತದೆ, ಉಳಿದವರ ನಿಶ್ಚಿಂತೆ ಕೆಡುವುದಿಲ್ಲ. ಈ ಮಾದರಿಯ ಬೀಗ ಲಿನಕ್ಸಿನ ಸಾಮಾನ್ಯ ಬೀಗವಾಗಿ ಬಳಕೆಗೆ ಬಂದದ್ದು ೨೦೧೫ರಲ್ಲಿ.

ಇಷ್ಟಾದರೂ ಬೀಗ ಬೀಗವೇ. ಬೀಗವೇ ಬೇಡದಂತೆ ಕೆಲಸವನ್ನು ಮರುಜೋಡಿಸಿದರೆ? ಎಣಿಕೆಯ ಸಂಗತಿಯನ್ನೇ ನೋಡಿ. ಪ್ರಾರ್ಥನೆಯ ವೇಳೆ ಬಂದ ಪ್ರತಿ ವಿದ್ಯಾರ್ಥಿಯೂ ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ ಒಂದು ಗೆರೆ ಎಳೆದು ಬರಬೇಕೆಂದು ಯಾರಾದರೂ ಕಟ್ಟಳೆ ಮಾಡುತ್ತಾರೆಯೆ? ಆಯಾ ತರಗತಿಯಲ್ಲಿ ಹಾಜರಿ ತೆಗೆಯುತ್ತಾರೆ. ಶಾಲೆಯ ಒಟ್ಟು ಬೇಕಾದ ದಿನ ಎಲ್ಲವನ್ನೂ ಕೂಡಿಸುತ್ತಾರೆ. ಕರ್ನೆಲ್ಲಿನಲ್ಲಿಯೂ ಪ್ರತಿ ಸಂಸ್ಕಾರಕಕ್ಕೆ ತನ್ನದೇ ಎಣಿಕೆ ಉಂಟು. ತನ್ನ ಡಬ್ಬಿಯಲ್ಲಿರುವ ಸಂಖ್ಯೆಗೆ ತಾನು ಒಂದನ್ನು ಕೂಡಿಸಿಕೊಂಡರೆ ಬೀಗವೂ ಇಲ್ಲ, ಓಡಾಟವೂ ಇಲ್ಲ. ಒಟ್ಟನ್ನು ಕೇಳಿದಾಗ ಮಾತ್ರ ತುಸು ಶ್ರಮ.

ಎರಡನೆಯ ಉಪಾಯ ವೇಳಾಪಟ್ಟಿಯನ್ನು ಹೋಲುತ್ತದೆ. ಸೂಚನಾ ಫಲಕದ ವೇಳಾಪಟ್ಟಿಯನ್ನು ದಿನವೂ ನೂರಾರು ಮಂದಿ ನೋಡುತ್ತಾರೆ. ಅದು ಬದಲಾಗುವುದು ವರ್ಷಕ್ಕೆ ಎರಡೋ ಮೂರೋ ಸಲ. ಅದನ್ನು ತಿದ್ದಬೇಕೆಂದು ಫಲಕಕ್ಕೆ ಬೀಗ ಹಾಕಿ ಎಲ್ಲರನ್ನೂ ನಿಲ್ಲಿಸುವವರಿಲ್ಲ. ಮುಖ್ಯೋಪಾಧ್ಯಾಯರು ತಮ್ಮ ಕೊಠಡಿಯಲ್ಲಿ ಹೊಸ ಹಾಳೆಯನ್ನು ಪೂರ್ತಿಯಾಗಿ ಬರೆದು, ಒಂದೇ ಕ್ಷಣದಲ್ಲಿ ಹಳೆಯದರ ಜಾಗದಲ್ಲಿ ಅದನ್ನು ಸಿಕ್ಕಿಸುತ್ತಾರೆ. ಅಷ್ಟರಲ್ಲಿ ಹಳೆಯ ಪಟ್ಟಿಯನ್ನು ನೋಡಿಕೊಂಡು ತರಗತಿಗೆ ಹೋದವರು ಆ ಅವಧಿಯನ್ನು ಹಳೆಯದರಂತೆಯೇ ಮುಗಿಸುತ್ತಾರೆ. ಅವರೆಲ್ಲರ ಅವಧಿ ಮುಗಿದ ಮೇಲೆ ಹಳೆಯ ಹಾಳೆಯನ್ನು ಹರಿದುಹಾಕಬಹುದು. ಓದುವವರು ಬೀಗವನ್ನು ಮುಟ್ಟುವುದೇ ಇಲ್ಲ. ಕಾಯುವ ಕಷ್ಟವೆಲ್ಲ ಬರೆಯುವವರದು. ಪಾಲ್ ಮೆಕೆನಿ ಮತ್ತು ಜಾನ್ ಸ್ಲಿಂಗ್‌ವೈನ್ ಎಂಬವರು ೧೯೯೦ರ ದಶ್ಕದಲ್ಲಿ ಸೀಕ್ವೆಂಟ್ ಎಂಬ ಸಂಸ್ಥೆಯ ಕರ್ನೆಲ್ಲಿನಲ್ಲಿ ಈ ಕ್ರಮವನ್ನು ಬೆಳೆಸಿದರು. ೨೦೦೨ರಲ್ಲಿ ಅದು ಲಿನಕ್ಸಿಗೆ ಬಂದಿತು. ಎಲ್ಲ ಕಡೆಯೂ ಇದು ಸಲ್ಲದು. ಸ್ವಲ್ಪ ಹೊತ್ತು ಹಳೆಯದನ್ನೇ ಓದಿದರೂ ಕೇಡಿಲ್ಲದ, ಓದುವವರು ಹೆಚ್ಚಾಗಿ ಬರೆಯುವವರು ವಿರಳವಾಗಿರುವ ಕಡೆ ಮಾತ್ರ ಸಲ್ಲುತ್ತದೆ. ಅಂಕವಹಿಗೆ ಇದನ್ನು ಬಳಸಿದರೆ ನಾನು ಮಾಡಿದ ತಪ್ಪೇ ಮತ್ತೆ ಆಗುತ್ತದೆ.

ಸಂಸ್ಕಾರಕಗಳ ಸಂಖ್ಯೆ ಏರುತ್ತ ಹೋದಂತೆ, ಹಳೆಯ ರೀತಿಯ ಕರ್ನೆಲ್ಲನ್ನು ಎಷ್ಟು ತಿದ್ದಿದರೂ ಸಾಲದು, ಬುಡದಿಂದ ಹೊಸದನ್ನೇ ಕಟ್ಟಬೇಕೆಂದು ಕೆಲವರು ವಾದಿಸಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಇತರರೊಡನೆ ಸೇರಿ ೨೦೦೯ರಲ್ಲಿ ಅಂತಹ ಒಂದನ್ನು ಕಟ್ಟಿಯೂ ತೋರಿಸಿದರು. ಅದರಲ್ಲಿ ಪ್ರತಿ ಸಂಸ್ಕಾರಕಕ್ಕೂ ಪ್ರತ್ಯೇಕ ಕರ್ನೆಲ್. ಹಂಚಿಕೊಂಡ ವಹಿಯೇ ಇಲ್ಲ, ಪರಸ್ಪರ ಸಂದೇಶಗಳು ಮಾತ್ರ. ಮರುವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ೪೮ ಸಂಸ್ಕಾರಕಗಳ ಯಂತ್ರದಲ್ಲಿ ಲಿನಕ್ಸನ್ನೇ ಪರೀಕ್ಷೆಗೆ ಒಡ್ಡಿದರು. ಏಳು ಕಾರ್ಯಕ್ರಮಗಳಲ್ಲಿ ಒಂದನ್ನು ಬಿಟ್ಟು ಉಳಿದ ಆರೂ ಕರ್ನೆಲ್ಲಿನೊಳಗೆ ಎಲ್ಲಿಯೋ ಒಂದೆಡೆ ಸಾಲುಗಟ್ಟಿ ನಿಂತವು. ಹುಡುಕಿದಾಗ ಸಿಕ್ಕಿದುವು ಬಹುತೇಕ ಸಣ್ಣ ವಸ್ತುಗಳೇ: ಎಲ್ಲರೂ ಕೂಡುತ್ತ ಕಳೆಯುತ್ತ ಇದ್ದ ಒಂದು ಎಣಿಕೆ, ಎಲ್ಲರೂ ನೋಡಿಹೋಗಬೇಕಾಗಿದ್ದ ಒಂದು ಪಟ್ಟಿಯ ಬೀಗ. ಎಣಿಕೆಗಳನ್ನು ಸಂಸ್ಕಾರಕಗಳಿಗೆ ಹಂಚಿದರು. ಬೀಗಗಳನ್ನು ಒಡೆದರು, ಕೆಲವನ್ನು ತೆಗೆದೇಹಾಕಿದರು. ಕರ್ನೆಲ್ಲಿನಲ್ಲಿಯೂ ಕಾರ್ಯಕ್ರಮಗಳಲ್ಲಿಯೂ ಅವರು ಬದಲಿಸಿದ ಸಾಲುಗಳು ಒಟ್ಟು ೩,೦೦೨. ಲಿನಕ್ಸ್ ಕರ್ನೆಲ್ ಆ ಹೊತ್ತಿಗೆ ಒಂದು ಕೋಟಿ ಸಾಲುಗಳನ್ನು ದಾಟಿತ್ತು. ಅಷ್ಟನ್ನು ತಿದ್ದಿ ಮತ್ತೆ ಅಳೆದಾಗ ಉಳಿದಿದ್ದ ಅಡ್ಡಿಗಳು ಹೆಚ್ಚಾಗಿ ಕರ್ನೆಲ್ಲಿನವಾಗಿರಲಿಲ್ಲ. ಕೆಲವು ಕಾರ್ಯಕ್ರಮಗಳಲ್ಲಿಯೇ ಇದ್ದವು, ಕೆಲವು ಸ್ಮೃತಿಗೆ ಹೋಗುವ ದಾರಿಯ ಇಕ್ಕಟ್ಟಿನಲ್ಲಿಯೂ ಜಾಲಕ್ಕೆ ಜೋಡಿಸಿದ ಕಾರ್ಡಿನಲ್ಲಿಯೂ ಇದ್ದವು.